ಹಾಸಿಗೆ ಹೊದಿಕೆಯ ಕಾಫಿ

ಹೇಮಾ ಪುಣ್ಯವಂತೆ ಎಂಬ ಸುದ್ದಿ ಗಂಗಾವತಿಯ ಆ ಓಣಿಯ ತುಂಬ ಹಬ್ಬುತ್ತಿದ್ದ ಹೊತ್ತಿನಲ್ಲಿ, ಆ ಪುಣ್ಯವಂತೆ ಅಡುಗೆಮನೆಯ ಕಟ್ಟೆಗೆ ಬಗ್ಗಿ ನಿಂತು ಹಳೆಯ ಟೂತ್‌ಬ್ರಶ್ಶಿನಿಂದ ಕಾಫಿ ಮಷಿನ್ನಿನ ಬಾಯಿ ತಿಕ್ಕುತ್ತಿದ್ದಳು.

ಸುದ್ದಿ ಹಬ್ಬಿಸಿದವಳು ಪಕ್ಕದ ಮನೆಯ ಕಸ್ತೂರೆಮ್ಮ. "ಗಂಡ ಕೈಯಾರೆ ಕಾಫಿ ಮಾಡಿ ಕೊಡ್ತಾನಂದ್ರ ಏನವಾ! ನಮ್ಮನಿಯವರಿಗೆ ನೀರಿನ ಕೊಡ ಯಾವ ಮೂಲ್ಯಾಗ ಐತಂತ ಇನ್ನೂ ಗೊತ್ತಿಲ್ಲ. ಹೇಮಾ ಏನೋ ಪುಣ್ಯೇವು ಮಾಡಿ ಬಂದಾಳ ಬಿಡ್ರಿ."

ಹೇಮಾಳ ಗಂಡ ಪ್ರವೀಣಕುಮಾರ ತಾಲೂಕು ಪಂಚಾಯಿತಿಯ ನೌಕರ. ಹುಬ್ಬಳ್ಳಿಗೆ ಯಾವುದೋ ತರಬೇತಿಗೆಂದು ಹೋದವನು ಅಲ್ಲಿ ಎಸ್ಪ್ರೆಸೊ ಕುಡಿದು, ಜ್ಞಾನೋದಯವಾದವನಂತೆ ಮರಳಿ ಬಂದಿದ್ದ. ತಲೆತಲಾಂತರದಿಂದ ಚಹಾದ ಆಳ್ವಿಕೆಯಿದ್ದ ಮನೆಗೆ ಹೊಳೆಹೊಳೆಯುವ ಮಷಿನ್ ಬಂತು. ಅವನು ಅದನ್ನು ಕಟ್ಟೆಯ ಮೇಲೆ ಪ್ರತಿಷ್ಠಾಪಿಸಿ (ಹೇಮಾಳ ಮಿಕ್ಸರ್ ಆ ಕ್ಷಣವೇ ನೆಲಕ್ಕಿಳಿಯಿತು) ಘೋಷಿಸಿದ:

"ಇನ್ನ ಮ್ಯಾಲೆ ಐತವಾರ ನೀ ಆರಾಮ ಕುಂದ್ರು. ಕಾಫಿ ನಾ ಮಾಡ್ತೀನಿ."

ಹೇಮಾ ನಂಬಿದಳು. ನಂಬಲು ಕಾರಣವಿತ್ತು. ಮದುವೆಯಾಗಿ ಈ ಮನೆಗೆ ಬಂದ ಮೇಲೆ ಅವಳು ಕುಳಿತು, ಬಿಸಿಯಾಗಿ, ಒಂದು ಕಪ್ಪು ಏನನ್ನೂ ಕುಡಿದಿರಲಿಲ್ಲ. ಅವಳ ಚಹಾ ಯಾವಾಗಲೂ ಒಲೆಯ ಪಕ್ಕ ಕೆನೆಗಟ್ಟಿ ಕಾಯುತ್ತಿತ್ತು. ಅತ್ತೆಗೆ ಕೊಟ್ಟು, ಗಂಡನಿಗೆ ಕೊಟ್ಟು, ರೊಟ್ಟಿ ಬಡಿದು, ಡಬ್ಬಿ ಕಟ್ಟಿ, ತಾನು ಪಾಠ ಹೇಳುವ ಮರಳಿ ಊರಿನ ಹೈಸ್ಕೂಲಿಗೆ ಬಸ್ಸು ಹಿಡಿಯುವ ಮುನ್ನ ಅವಳು ಅದನ್ನು ನಿಂತೇ, ಔಷಧಿ ನುಂಗಿದಂತೆ, ಒಂದೇ ಗುಟುಕಿಗೆ ಮುಗಿಸುತ್ತಿದ್ದಳು. ಕೂತು, ಬಿಸಿಬಿಸಿಯಾಗಿ, ಒಂದು ಕಪ್ಪು. ಅವಳು ಬೇರೆ ಬಂಗಾರವನ್ನೇನೂ ಕೇಳಿರಲಿಲ್ಲ.

ಆದರೆ ಪ್ರವೀಣಕುಮಾರನ ನಿಘಂಟಿನಲ್ಲಿ ಕಾಫಿ ಮಾಡುವುದು ಎಂದರೆ ಗುಂಡಿ ಒತ್ತುವುದು. ಗುಂಡಿಗಿಂತ ಮುಂಚಿನದಕ್ಕೂ ನಂತರದ್ದಕ್ಕೂ ಅವನ ಬಳಿ ಹೆಸರೇ ಇರಲಿಲ್ಲ.

"ಹೇಮಾ, ಪುಡಿ ಎಲ್ಲೈತಿ? ಹಾಲು ಕಾಸಿಯೇನು? ಹೇಮಾ, ಒರಸಾಕ ಅರಬಿ ತಾ, ಚೆಲ್ಲೇತಿ!"

ಹಿಡಿಕೆಯ ಬಟ್ಟಲಿನಲ್ಲಿ ಪುಡಿ ತುಂಬಿ ಒತ್ತಿ ಮಷಿನ್ನಿಗೆ ಸಿಕ್ಕಿಸಿದರೆ ಮೇಲಿಂದ ಬಿಸಿನೀರು ರಭಸದಿಂದ ನುಗ್ಗುತ್ತದೆ. ಪುಡಿ ಉಬ್ಬಿ ಮಷಿನ್ನಿನ ಬಾಯಿಗೆಲ್ಲ ಮೆತ್ತಿಕೊಳ್ಳುತ್ತದೆ. ಅವನು ಕುಡಿದು ಏಳುತ್ತಿದ್ದ. ಅವಳು ತಿಕ್ಕಲು ನಿಲ್ಲುತ್ತಿದ್ದಳು. ಅವಳ ಪಾಲಿನ ಕಾಫಿ ಪಕ್ಕದಲ್ಲಿ ಆರುತ್ತಿತ್ತು. ಇನ್ನು ಗಂಡಸರ ಕೆಲಸ ಎಂದು ಅವನೇ ಒಪ್ಪಿಕೊಂಡಿದ್ದ ಒಂದೇ ಒಂದು ಕೆಲಸ, ನಡುಮನೆಯ ಬೇಸಿನ್ನಿನ ತೂತಿಗೆ ಮುರಿದುಹೋದ ಜಾಳಿಗೆಯ ಬದಲು ಹೊಸದು ತರುವುದು. ಅದು ತಿಂಗಳುಗಟ್ಟಲೆ "ನಾಳೆ ತರ್ತೀನಿ" ಎಂಬಲ್ಲೇ ಕುಳಿತಿತ್ತು.

ಶಾಲೆಯಲ್ಲಿ ಹೇಮಾ ಈ ದುಃಖ ತೋಡಿಕೊಂಡಾಗ ಜೊತೆಯ ಟೀಚರ್ ನಾಹೀದಾ ನಕ್ಕಳು. "ನಮ್ಮವರು ಅಡಗಿಮನಿ ಹೊಸ್ತಿಲ ದಾಟಂಗಿಲ್ಲ. ಅದ ನನ್ನ ಪುಣ್ಯ ನೋಡವಾ."

ಅದೇ ದಿನ ಬಸ್ಸಿನಲ್ಲಿ ಫೋನು ನೋಡುತ್ತ ಹೇಮಾಳಿಗೆ ಉಪಾಯ ಸಿಕ್ಕಿತು. ಪುಡಿಯ ಕೆಳಗೊಂದು ದುಂಡನೆಯ ಕಾಗದ ಹಾಸಬೇಕು, ಮೇಲೊಂದು ಸ್ಟೀಲಿನ ಸಣ್ಣ ಜಾಲರಿ ಮುಚ್ಚಬೇಕು. ಆಗ ಪುಡಿ ಮೇಲಕ್ಕೂ ಹಾರುವುದಿಲ್ಲ, ಕೆಳಕ್ಕೂ ಮೆತ್ತುವುದಿಲ್ಲ. ಬಟ್ಟಲು ತಟ್ಟಿದರೆ ಇಡೀ ಗಟ್ಟಿ ಒಮ್ಮೆಲೆ ಕಸದ ಬುಟ್ಟಿಗೆ! ಹೇಮಾ ಮರುಕ್ಷಣವೇ ಫೋನಿನಲ್ಲೇ ಎರಡಕ್ಕೂ ಆರ್ಡರ್ ಹಾಕಿದಳು.

ಅವು ಬಂದ ದಿನ ಅತ್ತೆ ಮುದುಕವ್ವ ಅಡಿಕೆ ಅಗಿಯುತ್ತ ನಿಂತು ನೋಡಿದಳು. ಕೆಳಗೆ ಕಾಗದ, ನಡುವೆ ಕಾಫಿ, ಮೇಲೆ ಜಾಲರಿ.

"ಅಯ್ಯ ಶಿವನ! ಹಾಸಿಗಿ ಹಾಸಿ, ಹೊದಿಕಿ ಹೊಚ್ಚಿ ಮಲಗಸಾಕತ್ತೀರಲ್ಲೋ. ನಿನ್ನ ಹಡದಾಗ ನಿನಗೂ ಇಷ್ಟು ಬೆಚ್ಚಗ ಮಾಡಿದ್ದಿಲ್ಲೋ ಪ್ರವೀಣಾ."

ಬಟ್ಟಲಿನಿಂದ ಗಟ್ಟಿ ದುಂಡಗೆ ಉದುರಿದಾಗ ಅವಳು ಅದನ್ನೂ ತಿರುಗಿಸಿ ಮುರುಗಿಸಿ ನೋಡಿದಳು. "ಇದೇನವಾ, ಗುಬ್ಬಿ ಕುಳ್ಳು ತಟ್ಟಿದಂಗ ಐತಿ!"

ಮಷಿನ್ನಿನ ಬಾಯಿ ಕನ್ನಡಿಯಂತಿತ್ತು. ಹೇಮಾಳ ಎದೆ ತುಂಬಿ ಬಂತು. ಆ ತುಂಬಿದ ಎದೆ ಮರುನಿಮಿಷವೇ ಧಸಕ್ಕೆಂದಿತು. ಪ್ರವೀಣಕುಮಾರ ಜಾಲರಿಯನ್ನು ಎರಡು ಬೆರಳಲ್ಲಿ ಹಿಡಿದು, ಸತ್ತ ಜಿರಲೆಯಂತೆ ಸಿಂಕಿಗೆ ಇಳಿಬಿಟ್ಟಿದ್ದ.

"ಹೇಮಾ, ಇದನ್ನ ಲಗೂ ತೊಳಿಬೇಕಂತ ನೋಡು. ಒಣಗಿದ್ರ ತೂತು ಕಟ್ಟತಾವಂತ."

ತೊಳೆಯುವುದನ್ನು ತಪ್ಪಿಸಲು ತಂದ ವಸ್ತುವನ್ನೇ ತೊಳೆಯಬೇಕು! ಅಷ್ಟಕ್ಕೇ ಮುಗಿಯಲಿಲ್ಲ. ಹಾಸಿಗೆ ಹೊದಿಕೆಯ ಮಹಿಮೆಯಿಂದ ಕಾಫಿಯ ರುಚಿಯೂ ಏರಿತು. ರುಚಿ ಏರಿದ್ದಕ್ಕೆ ಪ್ರವೀಣಕುಮಾರನ ಕೀರ್ತಿ ಏರಿತು. ಕೀರ್ತಿ ಏರಿದ್ದಕ್ಕೆ ಐತವಾರದ ಕಾಫಿ ದಿನದಿನದ್ದಾಯಿತು, ನೆಂಟರು, ಆಫೀಸಿನವರು, ಕಸ್ತೂರೆಮ್ಮ ಎಲ್ಲರೂ ಬರತೊಡಗಿದರು. ಸಿಂಕಿನಲ್ಲಿ ಕಪ್ಪುಗಳ ಗೋಪುರ ಎದ್ದಿತು. ಬಂದವರು ಹೋಗುವಾಗ ಹೇಮಾಳಿಗೆ ಹೇಳುವುದನ್ನು ಮಾತ್ರ ಮರೆಯುತ್ತಿರಲಿಲ್ಲ: "ಪುಣ್ಯವಂತಿ ಬಿಡವಾ ನೀನು."

ಒಂದು ಶನಿವಾರ ಸಂಜೆ, ಕಸ್ತೂರೆಮ್ಮ ಕೂತಿದ್ದಾಗಲೇ, ಪುಣ್ಯವಂತೆಯ ತಾಳ್ಮೆ ಹರಿಯಿತು.

"ನಾಳೆ ನಾ ಅಡಗಿಮನಿಗೆ ಕಾಲಿಡಂಗಿಲ್ಲ. ಹುಡುಕೋದೂ ನೀವ, ಮಾಡೋದೂ ನೀವ, ತೊಳಿಯೋದೂ ನೀವ. ನನಗೊಂದು ಕಪ್ಪು ಕೊಡ್ರಿ, ಬಿಸಿದು, ಕುಂತಲ್ಲಿಗೆ. 'ಹೇಮಾ, ಎಲ್ಲೈತಿ' ಅಂತ ಒಂದ ಒಂದ್ಸಲ ಕೇಳಿದ್ರೂ ನಿಮ್ಮ ಮಷಿನ್ ಅಟ್ಟಾ ಏರತೈತಿ."

"ಅಷ್ಟ ಏನು?" ಎಂದ ಪ್ರವೀಣಕುಮಾರ, ಕಸ್ತೂರೆಮ್ಮನ ಎದುರು ಮೀಸೆ ಇಳಿಸಲಾಗದೆ. "ನೋಡೂಣು ಬಾ. ಕಸ್ತೂರೆಮ್ಮಾರ, ನೀವೂ ಬರ್ರಿ ನಾಳೆ. ಸಾಕ್ಷಿ ಇರ್ಲಿ."

ಐತವಾರ ಬೆಳಿಗ್ಗೆ ಹೇಮಾ ನಡುಮನೆಯ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಳು. ಪಕ್ಕದಲ್ಲಿ ಸಾಕ್ಷಿ. ಒಳಗಿನಿಂದ ರಣರಂಗದ ಸದ್ದು. ಮೊದಲು ಡಬ್ಬಿಗಳ ಮುಚ್ಚಳ ಒಂದೊಂದಾಗಿ ತೆರೆದವು. ಆಮೇಲೆ ಯಾವುದೋ ಪಾತ್ರೆ ಉರುಳಿತು. ಹಾಲು ಉಕ್ಕಿ ಒಲೆಯ ಮೇಲೆ ಚುರ್ ಎಂದಿತು. ಹೇಮಾಳ ಕಾಲುಗಳು ತಾವಾಗಿಯೇ ಎದ್ದವು. ಅವಳು ಅವನ್ನು ಕೈಯಿಂದ ಹಿಡಿದು ಕೂರಿಸಿದಳು.

"ಹೇ..." ಎಂದಿತು ಒಳಗಿನ ದನಿ. ಅಲ್ಲಿಗೇ ನುಂಗಿಕೊಂಡಿತು.

ಜಾಲರಿ ಸಿಗುತ್ತಿಲ್ಲ ಎಂದು ಹೇಮಾಳಿಗೆ ತಿಳಿಯಿತು. ತಟ್ಟೆಗಳ ಸ್ಟ್ಯಾಂಡಿನ ಎಡಗಡೆಗೆ ಒಣಗಲು ಇಟ್ಟಿದ್ದೀನಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ತುಟಿ ಕಚ್ಚಿ ಕೂತಳು. ಹುಡುಕಲಿ. ಕಣ್ಣು ಅವನಿಗೂ ಎರಡಿವೆ.

ಪ್ರವೀಣಕುಮಾರ ಹೊರಗೆ ಬಂದ. ಟಿವಿಯ ಹಿಂದೆ ನೋಡಿದ, ದೇವರ ಜಗುಲಿ ನೋಡಿದ, ಅವರ ಬೆನ್ನ ಹಿಂದಿನಿಂದ ಹಾದು ಆಚೆಗೆ ಹೋದ. ಸ್ವಲ್ಪ ಹೊತ್ತು ನೀರಿನ ಸದ್ದು. ಆಮೇಲೆ, "ಸಿಕ್ಕಿತು!"

ಹೇಮಾ ಬೆಚ್ಚಿಬಿದ್ದಳು. ಈ ಮನುಷ್ಯ ತನ್ನ ಕಣ್ಣೆದುರಿನ ಟಾವೆಲ್ಲನ್ನೂ ಇದುವರೆಗೆ ತಾನಾಗಿ ಕಂಡವನಲ್ಲ. ತಾನು ಇಷ್ಟು ದಿನ ಸುಮ್ಮನೆ ಓಡಾಡಿದೆನೇ ಎಂದುಕೊಂಡಳು.

ಕಾಫಿ ಬಂತು. ಕೂತಲ್ಲಿಗೆ ಬಂತು. ಹೊಗೆಯಾಡುತ್ತ ಬಂತು. ಹೇಮಾ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಮೊದಲ ಗುಟುಕು ಹೀರಿದಳು. ನಾಲಿಗೆ ಸುಟ್ಟಿತು. ಎಷ್ಟು ವರ್ಷದ ಮೇಲೆ ನಾಲಿಗೆ ಸುಡುವ ಭಾಗ್ಯ!

"ಖರೇ ಹೇಳ್ತೀನ್ರಿ," ಎಂದಳು. "ಇಂಥಾ ಕಾಫಿ ನಾ ಜಲ್ಮದಾಗ ಕುಡದಿಲ್ಲ."

"ಏನೋ ಒಂದು ಘಮ ಬ್ಯಾರೇನ ಐತಿ ಇವತ್ತು," ಎಂದಳು ಕಸ್ತೂರೆಮ್ಮ, ತಳದ ಹನಿಯನ್ನೂ ಬಿಡದೆ.

ಎರಡು ಕಪ್ಪು ಮುಗಿಸಿ ನಿಂತಿದ್ದ ಪ್ರವೀಣಕುಮಾರ ಎದೆ ಉಬ್ಬಿಸಿದ. ಆಗಲೇ ಬೇಸಿನ್ನಿನ ಕಡೆಯಿಂದ ಮುದುಕವ್ವ ಬಂದಳು. ಒಂದು ಕೈಯಲ್ಲಿ ಅವಳ ಹಲ್ಲಿನ ಸೆಟ್ಟು, ನೀರು ತೊಟ್ಟಿಕ್ಕುತ್ತಿತ್ತು.

"ಏ ಪ್ರವೀಣಾ, ಬೇಸಿನ್ನ್ಯಾಗಿನ ನನ್ನ ಮುಚ್ಚಳ ಯಾರು ತಗೊಂಡ್ರೋ?"

"ಯಾ ಮುಚ್ಚಳ ಬೇ?"

"ಅದ, ದುಂಡಂದು, ಮಿಣಮಿಣ ಅನ್ನೂದು. ಅಡಿಕಿ ಚೂರು ಹೋಗಿ ಪೈಪು ಕಟ್ಟತೈತಿ ಅಂತ ನನ್ನ ಬೈತಿದ್ದೆಲ್ಲ, ಜಾಳಿಗಿ ತಾ ಅಂದ್ರ ನೀ ತರಲಿಲ್ಲ. ತಾಟು ಇಡೂ ಕಡೆ ಅದು ಖಾಲಿ ಬಿದ್ದಿತ್ತು. ನಿನ್ನಿ ಉಂಡ ಮ್ಯಾಲೆ ತಂದು ತೂತಿಗೆ ಇಟ್ಟೆ. ಎಷ್ಟು ಛಲೋ ಹೊಂದಿತ್ತು! ರಾತ್ರಿ ಹಲ್ಲು ತೊಳದ್ನಿ, ತಂಬಾಕ ಉಗಳಿದ್ನಿ, ಒಂದು ಚೂರು ಒಳಗ ಹೋಗಲಿಲ್ಲ ನೋಡು, ಎಲ್ಲಾ ಅದ ಹಿಡದಿತ್ತು."

ಹೇಮಾ ನಿಧಾನವಾಗಿ ಗಂಡನ ಕಡೆ ತಿರುಗಿದಳು.

"ಎಲ್ಲಿ ಸಿಕ್ಕಿತ್ರಿ ಅದು?"

"ಅಲ್ಲೇ... ಬೇಸಿನ್ನ್ಯಾಗ. ನೀನ ತೊಳದು ಇಟ್ಟೀದಿ ಅಂತ... ನಾ ಮತ್ತ ತೊಳದೀನಿ!"

"ಏನು ಹಚ್ಚಿ?"

"ನಳದ ನೀರು."

ಕಸ್ತೂರೆಮ್ಮನ ಕೈಯಿಂದ ಕಪ್ಪು ಜಾರಿತು. ಪ್ರವೀಣಕುಮಾರ ಹಣೆಯ ಬೆವರು ಒರೆಸಿಕೊಂಡು ಕೊನೆಯ ವಾದ ಮಂಡಿಸಿದ. "ಕುದಿಯೋ ನೀರಾಗ ಎಲ್ಲಾ ಸತ್ತಿರತೈತ್ರಿ. ಮತ್ತ ಕೆಳಗ ಪೇಪರ್ ಐತಿ! ಅದರಾಗ ಸೋಸೇ ಬಂದೈತಿ! ಇವತ್ತು ನಾ ಎರಡು ಪೇಪರ್ ಹಾಕೀನಿ!"

ಇಷ್ಟು ಹೇಳಿದವನೇ ಅವನು ಬಾಯಿ ಮುಚ್ಚಿಕೊಂಡು ಬೇಸಿನ್ನಿಗೆ ಓಡಿದ. ಅವನನ್ನು ದಬ್ಬಿಕೊಂಡು ಕಸ್ತೂರೆಮ್ಮ ಮುಂದಾದಳು. ಮುಕ್ಕಳಿಸಿ, ಉಗುಳಿ, ಮತ್ತೆ ಮುಕ್ಕಳಿಸಿ, ಅವಳು ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತ ಅಲ್ಲಿಂದಲೇ ತೀರ್ಪು ಕೊಟ್ಟಳು:

"ಪಾಪ, ಗಂಡಸು, ಅವಗೇನು ತಿಳೀತೈತಿ? ಹೆಣ್ಣಾಕಿ ನೀ ಮನಿಯಾಗ ಇದ್ದು ನೋಡಬಾರದೇನ ಹೇಮಾ? ಕಾಲ ಮ್ಯಾಲೆ ಕಾಲು ಹಾಕ್ಕೊಂಡು ಕುಂತ್ರ ಹಿಂಗ ಆಗೂದು!"

ಹೇಮಾಳಿಗೆ ಜಾಲರಿಯ ಸುದ್ದಿಗಿಂತ ದೊಡ್ಡ ಧಕ್ಕೆ ಇದಾಗಿತ್ತು. ಅಷ್ಟರಲ್ಲೇ ಬೇಸಿನ್ನಿನಿಂದ ಗಂಡನ ಗೊಗ್ಗರು ದನಿ ಬಂತು.

"ಹೇಮಾ, ಟಾವೆಲ್ ಎಲ್ಲೈತಿ?"

ಕೇಳಿದ! ಷರತ್ತಿನ ಪ್ರಕಾರ ಈಗಲೇ ಎದ್ದು ಮಷಿನ್ನನ್ನು ಅಟ್ಟಕ್ಕೇರಿಸಬಹುದಿತ್ತು. ಟಾವೆಲ್ ಎಸೆದು ಬರಬಹುದಿತ್ತು. ಕಸ್ತೂರೆಮ್ಮನ ಜೊತೆ ಜಗಳ ಕಾಯಬಹುದಿತ್ತು. ಅಡುಗೆಮನೆಯಲ್ಲಿ ಉಕ್ಕಿದ ಹಾಲು ಒಣಗುತ್ತಿತ್ತು, ನಡುಮನೆಯ ನೆಲದ ಮೇಲೆ ಒಡೆದ ಕಪ್ಪಿತ್ತು. ಎದ್ದರೆ ಮತ್ತೆ ರಾತ್ರಿಯವರೆಗೆ ಕೂರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಅವಳು ಕೈಯಲ್ಲಿದ್ದ ಕಪ್ಪನ್ನು ನೋಡಿದಳು. ಮುಕ್ಕಾಲು ಭಾಗ ಉಳಿದಿತ್ತು. ಮೇಲೆ ಇನ್ನೂ ಹೊಗೆಯಾಡುತ್ತಿತ್ತು. ಎದುರಿಗೆ ಹಲ್ಲಿನ ಸೆಟ್ಟು ಹಿಡಿದು ನಿಂತ ಅತ್ತೆಯನ್ನು ನೋಡಿದಳು. ಎರಡು ಪೇಪರ್ ಹಾಕಿದ್ದಾನೆ ಎಂಬುದನ್ನು ನೆನಪಿಸಿಕೊಂಡಳು. ಕಣ್ಣು ಮುಚ್ಚಿ, ಕುರ್ಚಿಗೆ ಒರಗಿ, ಅವಸರವಿಲ್ಲದೆ ಕುಡಿಯತೊಡಗಿದಳು.

ಮುದುಕವ್ವನ ಬೊಚ್ಚು ಬಾಯಿ ತೆರೆದುಕೊಂಡಿತು.

"ಕುಡ್ಯಾಕತ್ತೀಯಲ್ಲ ಯವ್ವಾ!"

ಹೇಮಾ ಕಣ್ಣು ತೆರೆಯಲಿಲ್ಲ.

"ಬಿಸಿ ಐತ್ರಿ ಅತ್ತಿ."