ಭಾನುವಾರ ಹತ್ತು ಗಂಟೆಯ ಸೊನ್ನೆ

ಜನಜೀವನ ಸಮೀಕ್ಷಾ ಇಲಾಖೆಯ ನಿರ್ದೇಶಕರ ಸನ್ನಿಧಾನಕ್ಕೆ,

ಮಾನ್ಯರೇ,

ದಶಮಾಂಶ ಬಿಂದುವಿನ ಆಚೆಗೂ ಎರಡು ಅಂಕಿಯವರೆಗೆ ನಮ್ಮ ಯೋಗಕ್ಷೇಮ ವಿಚಾರಿಸುವ ತಮಗೆ, ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಇಪ್ಪತ್ತೊಂಬತ್ತು ವರ್ಷದ ಬಡಪಾಯಿಯೊಬ್ಬನ ಅನಂತ ನಮಸ್ಕಾರಗಳು.

ಯುವ ದಂಪತಿಗಳಲ್ಲಿ ದೈಹಿಕ ಸಾಮೀಪ್ಯ ವರ್ಷದಿಂದ ವರ್ಷಕ್ಕೆ ಕುಸಿಯುತ್ತಿದೆ ಎಂಬ ತಮ್ಮ ವರದಿಯನ್ನು ಮೊನ್ನೆ ಪತ್ರಿಕೆಯ ಮುಖಪುಟದಲ್ಲಿ ಓದಿ ಧನ್ಯನಾದೆ. ಜಾರುಬಂಡೆಯ ಹಾಗೆ ಇಳಿಯುವ ಕೆಂಪು ಗೆರೆಯ ಪಕ್ಕದಲ್ಲಿ ತಾವು ಕೋಟು ತೊಟ್ಟು ನಿಂತಿದ್ದಿರಿ. ಮೊಬೈಲು, ನಿದ್ದೆಗೇಡು ಮತ್ತು ‘ಜೀವನೋತ್ಸಾಹದ ಸಾಮಾನ್ಯ ಇಳಿಮುಖ’ ಇದಕ್ಕೆ ಕಾರಣವೆಂದು ಅಪ್ಪಣೆ ಕೊಡಿಸಿದ್ದೀರಿ. ಆ ಗೆರೆಯ ತಳದಲ್ಲಿ ಕುಳಿತವರಲ್ಲಿ ನಾನೂ ಒಬ್ಬನಾದ್ದರಿಂದ, ಅಲ್ಲಿಂದ ಕಾಣುವುದನ್ನು ತಮ್ಮ ಗಮನಕ್ಕೆ ತರುವುದು ನನ್ನ ಕರ್ತವ್ಯ.

ನಮ್ಮದು ಒಂದು ಅಡುಗೆಮನೆ, ಒಂದು ಹಾಲ್ ಇರುವ ಮನೆ. ಹಾಲಿನ ನಡುವೆ ಒಂದು ಕಬ್ಬಿಣದ ಬೀರು. ಬೀರುವಿನ ಆಚೆ ಅಪ್ಪ, ಅಮ್ಮ ಮತ್ತು ಸೋದರತ್ತೆ. ಈಚೆ ಮದುವೆಯಾಗಿ ಒಂದು ವರ್ಷವಾದ ನಾನು ಮತ್ತು ನನ್ನ ಹೆಂಡತಿ. ಸೋದರತ್ತೆಗೆ ಕಿವಿ ಮಂದ ಎಂದು ವೈದ್ಯರು ಬರೆದುಕೊಟ್ಟಿದ್ದಾರಾದರೂ, ಬೀರುವಿನ ಈಚೆ ಒಬ್ಬರು ಮಗ್ಗುಲು ಬದಲಿಸಿದರೆ ಆಚೆಯಿಂದ “ಯಾಕೋ, ಸೊಳ್ಳೆನಾ?” ಎಂದು ಕೇಳುವಷ್ಟು ಅವರ ಶ್ರವಣಶಕ್ತಿ ಉಳಿದಿದೆ. ಹೆಂಡತಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವವಳು; ಅವಳ ಪಾಳಿ ಮುಗಿಯುವಾಗ ನನ್ನ ಅಂಗಡಿಯ ಬಾಗಿಲು ತೆರೆಯುತ್ತದೆ. ಹೀಗಾಗಿ ವಾರದ ದಿನಗಳಲ್ಲಿ ನಾವು ಮೆಟ್ಟಿಲ ಮೇಲೆ ಭೇಟಿಯಾಗಿ ಬೀಗದ ಕೈ ಬದಲಾಯಿಸಿಕೊಳ್ಳುತ್ತೇವೆ.

ಇಂಥ ಬಾಳಿನಲ್ಲಿ ನಮ್ಮ ಕೈ ಹಿಡಿದದ್ದು ಅಪ್ಪನ ಎಡಮೊಣಕಾಲು. ಅದು ಊದಿಕೊಂಡ ಪುಣ್ಯದಿಂದ ಪ್ರತಿ ಭಾನುವಾರ ಹತ್ತರಿಂದ ಹನ್ನೊಂದೂವರೆಯವರೆಗೆ ಅವರಿಗೆ ಆಸ್ಪತ್ರೆಯಲ್ಲಿ ವ್ಯಾಯಾಮ. ಆಸರೆಗೆಂದು ಅಮ್ಮ ಹೋಗುತ್ತಾರೆ. ಅಮ್ಮನಿಗೆ ಏನೂ ತಿಳಿಯುವುದಿಲ್ಲವೆಂದು ಸೋದರತ್ತೆಯೂ ಹೋಗುತ್ತಾರೆ. ಆ ಒಂದೂವರೆ ಗಂಟೆ ಮನೆ ನಮ್ಮದು.

ಇಲಾಖೆಯ ಗಣತಿದಾರರು ಗಂಟೆ ಒತ್ತಿದ್ದು ಒಂದು ಭಾನುವಾರ ಹತ್ತು ಗಂಟೆ ಹತ್ತು ನಿಮಿಷಕ್ಕೆ. ಅವರ ಸಮಯಪ್ರಜ್ಞೆಯನ್ನು ಎಷ್ಟು ಕೊಂಡಾಡಿದರೂ ಸಾಲದು. ನೂರಾ ಹನ್ನೆರಡು ಪ್ರಶ್ನೆಗಳಲ್ಲಿ ಛಾವಣಿ, ಕಿಟಕಿ, ಫ್ಯಾನು, ಬಕೆಟ್ಟುಗಳ ವಿಚಾರಣೆ ಮುಗಿಸಿ, ಎಂಬತ್ತೇಳನೆಯದಕ್ಕೆ ಬಂದು ಅವರು ನಿಂತರು. ಯಾರೂ ಸುಳ್ಳು ಹೇಳಬಾರದೆಂಬ ದೂರದೃಷ್ಟಿಯಿಂದ ‘ಖಾಸಗಿ ಭಾಗ’ವನ್ನು ಮನೆಯ ಯಜಮಾನರ ಸಮ್ಮುಖದಲ್ಲೇ ಕೇಳಿ ಅವರ ಸಹಿ ಪಡೆಯಬೇಕೆಂದು ತಾವು ನಿಯಮ ಮಾಡಿದ್ದೀರಂತೆ. ಆದ್ದರಿಂದ ಅವರು ನಮ್ಮ ಒಂದೇ ಕುರ್ಚಿಯಲ್ಲಿ ಕುಳಿತು, ನಾವು ಅವರನ್ನು ನೋಡುತ್ತಾ ನಿಂತು, ಮೂವರೂ ಅಪ್ಪನಿಗಾಗಿ ಕಾದೆವು.

ಅಪ್ಪ ಕುಂಟುತ್ತಾ ಬಂದರು. ಕಳೆದ ನಾಲ್ಕು ವಾರಗಳಲ್ಲಿ ದಂಪತಿಗಳು ಎಷ್ಟು ಸಲ ಸೇರಿದ್ದೀರಿ ಎಂಬ ಪ್ರಶ್ನೆಯನ್ನು ಗಣತಿದಾರರು ಸೋದರತ್ತೆಗೂ ಕೇಳಿಸಲೆಂದು ಎರಡು ಸಲ ಗಟ್ಟಿಯಾಗಿ ಓದಿದರು. ಅಪ್ಪ ತಮ್ಮ ಮೊಣಕಾಲನ್ನು ಮೊದಲ ಬಾರಿಗೆ ಕಂಡವರಂತೆ ನೋಡತೊಡಗಿದರು. ಅಮ್ಮ ಅಡುಗೆಮನೆಗೆ ಹೋಗಿ ಪಾತ್ರೆ ಬೀಳಿಸಿದರು. ಸೋದರತ್ತೆಯೊಬ್ಬರೇ ಧೈರ್ಯವಾಗಿ, “ಬರ್ಕೊಳಪ್ಪ, ಮರ್ಯಾದಸ್ಥರ ಮನೆ ಇದು, ಅಂಥದ್ದೆಲ್ಲ ಏನೂ ಇಲ್ಲ” ಎಂದರು. ಹೆಂಡತಿ ಗೋಡೆಯ ಕ್ಯಾಲೆಂಡರಿನತ್ತ ತಿರುಗಿ “ಸೊನ್ನೆ” ಎಂದಳು. ನಾನು ತಲೆಯಾಡಿಸಿದೆ. ಅಪ್ಪ ಸಹಿ ಹಾಕಿದರು.

ಮಾನ್ಯರೇ, ಅದು ಸುಳ್ಳಾಗಿತ್ತು. ಆದರೆ ಸುಳ್ಳನ್ನು ಸುಳ್ಳಾಗಿಯೇ ಬಿಡುವ ಇಲಾಖೆ ತಮ್ಮದಲ್ಲ. ಸೊನ್ನೆ ಬಂದ ಮನೆಗಳನ್ನು ಮರುಪರಿಶೀಲಿಸಬೇಕೆಂದು ಮರುವಾರ ಅದೇ ಹೊತ್ತಿಗೆ ಅವರು ಮತ್ತೆ ಬಂದರು. ಅಪ್ಪ ಸಹಿಯನ್ನು ಬೇರೆ ಚೌಕದಲ್ಲಿ ಹಾಕಿದ್ದರಿಂದ ಮೂರನೇ ಭಾನುವಾರ ಬಂದರು. ಗುಣಮಟ್ಟ ಪರೀಕ್ಷೆಗೆಂದು ನಾಲ್ಕನೆಯದಕ್ಕೂ ಬಂದು, ಕಳೆದ ನಾಲ್ಕು ವಾರಗಳಲ್ಲಿ ಎಷ್ಟು ಸಲ ಎಂದು ಕೇಳಿದಾಗ, ನಾವಿಬ್ಬರೂ ಎದೆ ತಟ್ಟಿಕೊಂಡು “ಸೊನ್ನೆ” ಎಂದೆವು. ಅಂಕಿ ಅಂಶಗಳನ್ನು ಇಷ್ಟು ಶ್ರಮಪಟ್ಟು ನಿಜ ಮಾಡುವ ಸಂಸ್ಥೆ ಇನ್ನೊಂದಿರಲಾರದು.

ಈಗ ತಮ್ಮ ವರದಿ ಓದಿದ ಅಮ್ಮ ನನಗೆ ದಿನಕ್ಕೆರಡು ಹೊತ್ತು ಟಾನಿಕ್ ಕುಡಿಸುತ್ತಿದ್ದಾರೆ. ಮಕ್ಕಳು ಮಂಕಾಗಿದ್ದಾರೆ, ಜೊತೆ ಬೇಕು ಎಂದು ಸೋದರತ್ತೆ ತಮ್ಮ ಹಾಸಿಗೆಯನ್ನು ಬೀರುವಿನ ಈಚೆಗೆ ತಂದಿದ್ದಾರೆ. ನನ್ನ ಜೀವನೋತ್ಸಾಹಕ್ಕೆ ಏನೂ ಆಗಿಲ್ಲ ಸ್ವಾಮಿ. ಮೆಟ್ಟಿಲ ಮೇಲೆ ಬೀಗದ ಕೈ ಕೊಡುವಾಗ ಅವಳ ಬೆರಳು ತಾಗಿದರೆ ಅಂದು ಮಧ್ಯಾಹ್ನದವರೆಗೆ ನಾನು ಉಜ್ಜಿದ ಗಾಜಿನಲ್ಲೆಲ್ಲ ತಪ್ಪು. ನನಗೆ ಅವಳೆಂದರೆ ಅಷ್ಟು ಇಷ್ಟ. ಇದನ್ನು ಬರೆಯಲು ತಮ್ಮ ನಮೂನೆಯಲ್ಲಿ ಜಾಗವಿರಲಿಲ್ಲ.

ಇಂತಿರುವಾಗ, ಕುಸಿತದ ಮೂಲ ಹುಡುಕಲು ಮುಂದಿನ ಭಾನುವಾರ ಹತ್ತು ಗಂಟೆಗೆ ‘ಆಳ ಸಂದರ್ಶನ’ಕ್ಕೆ ಬರುವುದಾಗಿ ತಮ್ಮ ಕಚೇರಿಯ ಪತ್ರ ತಲುಪಿದೆ. ಅದೇ ದಿನ ಅಪ್ಪನ ಮೊಣಕಾಲಿಗೆ ಕಡೆಯ ವ್ಯಾಯಾಮ. ಕಾಲು ಪೂರ್ತಿ ವಾಸಿಯಾಗಿದೆ ಎಂದು ವೈದ್ಯರು ಹೇಳಿದಾಗ ಮನೆಯವರೆಲ್ಲ ಸಂತೋಷಪಟ್ಟರು, ಇಬ್ಬರನ್ನು ಬಿಟ್ಟು. ಆದ್ದರಿಂದ ಆ ಒಂದು ಭಾನುವಾರ ದಯವಿಟ್ಟು ಬರಬೇಡಿ. ಆಮೇಲೆ, ನಮ್ಮ ಸೋದರತ್ತೆಯನ್ನು ಪ್ರತಿ ವಾರ ತಮ್ಮ ಕಚೇರಿಗೇ ಕರೆಸಿಕೊಂಡು ಮೂರು ಗಂಟೆ ಸಂದರ್ಶಿಸುವ ಯೋಜನೆಯೊಂದನ್ನು ಮಂಜೂರು ಮಾಡಬೇಕು. ನೂರಾ ಹನ್ನೆರಡು ಪ್ರಶ್ನೆ ಅವರಿಗೆ ಯಾವ ಮೂಲೆಗೂ ಸಾಲದು. ಅಪ್ಪ ಅಮ್ಮ ಅವರ ಜೊತೆಗೆ ಸಾಕ್ಷಿಗಳಾಗಿ ಬರುತ್ತಾರೆ. ತಮ್ಮ ಕೆಂಪು ಗೆರೆ ಮೇಲೇಳುವ ಜವಾಬ್ದಾರಿ ನಮಗಿರಲಿ.

ಇಂತು, ಅಂಕಿಗಳಲ್ಲಿ ಸೊನ್ನೆಯಾದರೂ
ತಮ್ಮ ವಿಶ್ವಾಸಿ,
ಬೀರುವಿನ ಈಚೆಯವನು

ತಾ. ಕ.: ನಾಲ್ಕನೇ ಭಾನುವಾರ ಮೆಟ್ಟಿಲಿಳಿಯುವಾಗ ಗಣತಿದಾರರು ನನ್ನ ಕೈ ಹಿಡಿದುಕೊಂಡು, “ಬೇಜಾರು ಮಾಡ್ಕೋಬೇಡಿ ಸಾರ್, ನಂಗೂ ಮದುವೆಯಾಗಿ ಎಂಟು ತಿಂಗಳು. ಅವಳಿಗೆ ಭಾನುವಾರ ಒಂದೇ ರಜೆ, ನಂಗೆ ಭಾನುವಾರವೇ ಡ್ಯೂಟಿ” ಎಂದರು. ಅವರ ಮನೆಗೆ ತಮ್ಮ ಸಮೀಕ್ಷೆ ಹೋಗಿಲ್ಲವಂತೆ. ಆ ಸೊನ್ನೆಯನ್ನು ತಾವೇ ಸ್ವಹಸ್ತದಿಂದ ಸೇರಿಸಿಕೊಂಡು, ಮುಂದಿನ ಭಾನುವಾರ ಅವರನ್ನು ಅವರ ಮನೆಗೇ ಕಳುಹಿಸಿ. ನಮ್ಮಲ್ಲಿಗೆ ಬೇರೆ ಯಾರನ್ನಾದರೂ ಕಳುಹಿಸಲೇಬೇಕಿದ್ದರೆ, ಅವರು ಒಂದೇ ಸಲ ಗಂಟೆ ಒತ್ತಲಿ. ಬಾಗಿಲು ತೆರೆಯದಿದ್ದರೆ, ಎಂಬತ್ತೇಳನೇ ಪ್ರಶ್ನೆಗೆ ಅದನ್ನೇ ಉತ್ತರವೆಂದು ಬರೆದುಕೊಂಡು ಹೋಗಲಿ.