ತುಂಬೆಗೋಡಿನ ಸುಸ್ಥಿತಿಯ ಸಂಕ

ತುಂಬೆಗೋಡಿನ ಹಳ್ಳದ ಮೇಲಿರುವ ಕಾಲುಸಂಕವು ಸುಸ್ಥಿತಿಯಲ್ಲಿದೆ. ಅದರ ಹಲಗೆಗಳು ಮಾತ್ರ ಸ್ಥಳದಲ್ಲಿಲ್ಲ. ಹೋದ ಮಳೆಗಾಲದಲ್ಲಿ ಅವು ಯಾರ ಅನುಮತಿಯನ್ನೂ ಪಡೆಯದೆ ವರದಾ ನದಿಯ ಕಡೆ ಹೊರಟುಹೋದವು. ಈಗ ಉಳಿದಿರುವುದು ಒಂದು ಕಬ್ಬಿಣದ ತೊಲೆ, ಕೈಗೆ ಹಿಡಿಯಲು ಒಂದು ತಂತಿ ಮತ್ತು ಸಂಕವನ್ನು ಉದ್ಘಾಟಿಸಿದವರ ಹೆಸರು ಕೆತ್ತಿದ ಕಲ್ಲು. ಕಲ್ಲು ಬಹಳ ಗಟ್ಟಿಯಾಗಿದೆ.

ಹಳ್ಳದ ಈಚೆ ನಮ್ಮ ಕೇರಿ. ಆಚೆ ಶಾಲೆ, ಡೈರಿ, ರೇಷನ್ ಅಂಗಡಿ, ಜಡೆ ಊರಿಗೆ ಹೋಗುವ ಬಸ್ಸು. ಬೇಸಿಗೆಯಲ್ಲಿ ಹಳ್ಳಕ್ಕೆ ಇಳಿದು ಹತ್ತಬಹುದು. ಮಳೆ ಹಿಡಿದರೆ ತೊಲೆಯೇ ಗತಿ. ನನ್ನ ಮಗಳು ನಯನ ಹೋದ ವರ್ಷ ಒಂದನೇ ಕ್ಲಾಸು. ಜುಲೈನಲ್ಲಿ ಅವಳು ತೊಲೆಯ ಮೇಲೆ ಜಾರಿದಾಗ ನನ್ನ ಕೈಗೆ ಸಿಕ್ಕಿದ್ದು ಅವಳ ಬ್ಯಾಗು. ಪುಣ್ಯಕ್ಕೆ ಬ್ಯಾಗಿನ ಪಟ್ಟಿಯೊಳಗೆ ಅವಳಿದ್ದಳು. ಆಮೇಲೆ ಮಳೆ ಮುಗಿಯುವ ತನಕ ಶಾಲೆಗೆ ಕಳಿಸಲಿಲ್ಲ. ಕಲಿತ ಅಕ್ಷರಗಳಲ್ಲಿ ಅರ್ಧ ಹಳ್ಳದ ಪಾಲಾದವು.

ಹಲಗೆ ಹಾಕಿಸಿಕೊಡಿ ಎಂದು ಅರ್ಜಿ ಕೊಟ್ಟೆವು. "ಸದರಿ ಸಂಕವು ಸುಸ್ಥಿತಿಯಲ್ಲಿರುವುದರಿಂದ ದುರಸ್ತಿಗೆ ಅವಕಾಶವಿರುವುದಿಲ್ಲ" ಎಂದು ಉತ್ತರ ಬಂತು. ಉತ್ತರ ತಂದ ಪೋಸ್ಟ್‌ಮ್ಯಾನ್ ಹಳ್ಳದ ಆಚೆಯೇ ನಿಂತು ಅದನ್ನು ಓದಿ ಹೇಳಿ ವಾಪಸ್ ಹೋದ.

ಹೀಗಿರುವಾಗ ಗ್ರಾಮೀಣ ಸಾಹಸ ಉತ್ತೇಜನ ಸಮಿತಿಯ ಪ್ರಕಟಣೆ ಹೊರಬಿತ್ತು:

"ಗ್ರಾಮೀಣ ಮಹಿಳೆಯರಲ್ಲಿ ಅಡೆತಡೆಗಳನ್ನು ಎದುರಿಸುವ ಅಭ್ಯಾಸವಿಲ್ಲದಿರುವುದು ಸಮಿತಿಯ ಗಮನಕ್ಕೆ ಬಂದಿರುತ್ತದೆ. ಸದರಿ ಅಭ್ಯಾಸವನ್ನು ಬೆಳೆಸುವ ಸಲುವಾಗಿ ಶಿಕಾರಿಪುರದಲ್ಲಿ ಮಹಿಳಾ ಅಡೆತಡೆ ಓಟವನ್ನು ಏರ್ಪಡಿಸಲಾಗಿದೆ. ಪ್ರಥಮ ಸ್ಥಾನ ಪಡೆದವರ ಗ್ರಾಮದ ಒಂದು ಬಾಕಿ ಕಾಮಗಾರಿಯನ್ನು ಆದ್ಯತೆಯ ಮೇಲೆ ಪರಿಗಣಿಸಲಾಗುವುದು."

ನಮ್ಮ ಅತ್ತೆ ವರದಮ್ಮನವರು ಅಕ್ಕಿ ಆರಿಸುವುದನ್ನು ನಿಲ್ಲಿಸಿ ಕೇಳಿದರು. "ಅಡೆತಡೆ ಓಟ ಅಂದ್ರೆ ಎಂಥದೇ?"

"ಗೋಡೆ ಹತ್ತೋದು, ಕೆಸರಲ್ಲಿ ತೆವಳೋದು, ಮೂಟೆ ಹೊರೋದು, ತೊಲೆ ಮೇಲೆ ನಡೆಯೋದು ಅತ್ತೆ."

"ಅದಕ್ಕೆ ಪ್ರೈಜು ಬೇರೆ ಕೊಡ್ತಾರಾ? ನಾನು ಈ ಮನೆಗೆ ಬಂದಾಗಿಂದ ಮಾಡಿದ್ದೇ ಅದು. ನಿಮ್ಮ ಮಾವ ಒಂದು ಲೋಟ ಕಾಪಿನೂ ಕೊಟ್ಟಿಲ್ಲ."

ಪಂಚಾಯಿತಿ ಅಧ್ಯಕ್ಷರಾದ ಉಚ್ಚಂಗಪ್ಪನವರು ಮನೆಗೇ ಬಂದರು. "ರಮ್ಯಕ್ಕ, ನೀವು ಗೆದ್ದುಕೊಂಡು ಬನ್ನಿ. ಸಂಕದ ಕೆಲಸ ಮುಂದಿನ ಮಳೆಯೊಳಗೆ ಆಯ್ತು ಅಂತ್ಲೇ ತಿಳ್ಕಳಿ" ಎಂದರು. ನಯನ ಎರಡನೇ ಕ್ಲಾಸಿಗೆ ಹೋಗಬೇಕಾದರೆ ಅವಳ ತಾಯಿ ಶಿಕಾರಿಪುರದಲ್ಲಿ ಗೋಡೆ ಹತ್ತಬೇಕು ಎಂಬುದು ಹೀಗೆ ತೀರ್ಮಾನವಾಯಿತು. ಇದರಲ್ಲಿ ಯಾರಿಗೂ ವಿಚಿತ್ರವೇನೂ ಕಾಣಲಿಲ್ಲ.

ಮದುವೆಯಾದ ಮೇಲೆ ನಾನು ಓಡಿದ್ದು ಬಸ್ಸಿನ ಹಿಂದೆ ಮಾತ್ರ. ಮೊದಲ ದಿನ ಗಂಡನ ಬೂಟಿಗೆ ಬಟ್ಟೆ ತುರುಕಿಕೊಂಡು ಹೊರಟರೆ ಡೈರಿಯವರೆಗೂ ಓಡಲಾಗಲಿಲ್ಲ. ಎರಡನೇ ದಿನ ನಾಯಿ ಬೆನ್ನಟ್ಟಿದ್ದರಿಂದ ಡೈರಿ ದಾಟಿಯೂ ಓಡಿದೆ. ತರಬೇತಿಯಲ್ಲಿ ನಾಯಿಯ ಪಾತ್ರವನ್ನು ಸಮಿತಿ ಇನ್ನೂ ಗುರುತಿಸಿಲ್ಲ.

"ಎಂಥ ಮಾರಾಯ್ತಿ, ಬೆಳಗಾಗೆದ್ದು ತವರಿಗೆ ಹೊರಟೆಯಾ? ರಾಜು ಎಂಥ ಅಂದ?" ಎಂದು ಆಚೆಮನೆಯ ನೀಲಾಂಬಿಕಕ್ಕ ಬೇಲಿಯಾಚೆಯಿಂದ ಕೂಗಿದರು. ನನ್ನ ಗಂಡ ರಾಜು ಏನೂ ಅಂದಿರಲಿಲ್ಲ. "ಓಡೋದು ಹೆಂಗೂ ಓಡ್ತೀಯ, ಹಾಲಿನ ಕ್ಯಾನೂ ತಗೊಂಡು ಹೋಗು" ಎಂದಷ್ಟೇ ಅಂದಿದ್ದರು.

ಅಧಿಕೃತ ತರಬೇತಿ ಕೊಡಲು ಶಿಕಾರಿಪುರದಿಂದ ಮಹಾಂತೇಶ್ ಎಂಬ ತರಬೇತುದಾರರು ಬಂದರು. ಅಡೆತಡೆ ಓಟದಲ್ಲಿ ಇವರಿಗೆ ಅಪಾರ ಅನುಭವ. ಅದರ ಬಗ್ಗೆ ಹಲವು ವರದಿ ಬರೆದಿದ್ದರು. ಬಂದವರೇ ಶಾಲೆಯ ಮೈದಾನದಲ್ಲಿ ಸುಣ್ಣದ ಪುಡಿಯಿಂದ ಒಂದು ಗೆರೆ ಎಳೆದರು.

"ಸಾಮಾನು ಇನ್ನೂ ಬಂದಿಲ್ರೀ. ಅಲ್ಲಿ ತನಕ ಇದೇ ಎಂಟಡಿ ಗೋಡೆ ಅಂತ ತಿಳ್ಕೊಳ್ರಿ."

"ಸರ್, ಇದು ಗೆರೆ ಅಲ್ವಾ?" ಎಂದೆ.

"ಹಂಗೆ ಗೆರೆ ಅಂದುಕೊಂಡ್ರೆ ನೀವು ಗೋಡೆ ಹತ್ತೋದು ಯಾವಾಗ್ರೀ? ಮೊದಲು ಮನಸ್ಸಿನಾಗೆ ಹತ್ರಿ."

ಕೇರಿಯ ಹೆಂಗಸರೆಲ್ಲ ಮನಸ್ಸಿನಲ್ಲಿ ಹತ್ತಿದೆವು. ಮೊದಲ ವಾರದಲ್ಲೇ ಎಲ್ಲರೂ ಎಂಟಡಿ ಗೋಡೆಯನ್ನು ನಿರಾಯಾಸವಾಗಿ ದಾಟತೊಡಗಿದೆವು. ಮನೆಯ ಕೀಲಿಕೈ ಕೊಡಲು ಮೈದಾನಕ್ಕೆ ಬಂದ ಅತ್ತೆ ಗೆರೆ ದಾಟಿ ಬಂದು ಕೊಟ್ಟು, ಗೆರೆ ದಾಟಿ ವಾಪಸ್ ಹೋದರು. ಅರವತ್ತು ದಾಟಿದವರ ವಿಭಾಗದಲ್ಲಿ ಅವರು ಎರಡು ಸಲ ಗೋಡೆ ಹಾರಿದ್ದು ವರದಿಯಾಯಿತು. ಕಾಲು ತಪ್ಪಿ ಗೆರೆ ತುಳಿದ ನೀಲಾಂಬಿಕಕ್ಕನಿಗೆ, ಗೋಡೆಗೆ ಡಿಕ್ಕಿ ಹೊಡೆದದ್ದಕ್ಕಾಗಿ, ಹಣೆಗೆ ಬ್ಯಾಂಡೇಜು ಸುತ್ತಿ ಫೋಟೋ ತೆಗೆದರು. ಒಂದು ಸಂಜೆ ಅಕಾಲದ ಮಳೆ ಬಂದು ಗೋಡೆ ತೊಳೆದುಹೋದ ಮೇಲೆ, "ಅಡೆತಡೆಗಳನ್ನು ಸಂಪೂರ್ಣ ನಿವಾರಿಸಲಾಗಿದೆ" ಎಂದು ಬರೆದುಕೊಂಡು ಮಹಾಂತೇಶ್ ಸರ್ ಬಸ್ಸು ಹತ್ತಿದರು.

ನಾನು ಮಾತ್ರ ಹಳ್ಳಕ್ಕೆ ಹೋದೆ. ಬೆಳಗ್ಗೆ ಹಾಲಿನ ಕ್ಯಾನು ಹಿಡಿದು ತೊಲೆಯ ಮೇಲೆ ಆಚೆ, ಸಂಜೆ ಪಶು ಆಹಾರದ ಚೀಲ ಹೊತ್ತು ಈಚೆ. ಹೊರೆ ಇಲ್ಲದ ಹೊತ್ತಿನಲ್ಲಿ ತಂತಿಗೆ ಜೋತುಬಿದ್ದು ಒಂದೊಂದೇ ಕೈ ಸರಿಸುತ್ತಾ ಹೋದೆ. ಮೊದಮೊದಲು ಅರ್ಧದಲ್ಲೇ ಕೈ ಸೋತು ನೀರಿಗೆ ಬಿದ್ದೆ. ದಡದಲ್ಲಿ ಕೂತು ನೋಡುತ್ತಿದ್ದ ನಯನ, "ಅಮ್ಮಾ, ಇವತ್ತು ಎಮ್ಮೆ ತೊಳೆಯೋ ಕಲ್ಲಿನ ತನಕ ಹೋದೆ" ಎಂದು ಹುರಿದುಂಬಿಸುತ್ತಿದ್ದಳು. ಅಂಗೈಯ ಬೊಬ್ಬೆ ಒಡೆದು ಗಟ್ಟಿಯಾಗುವ ಹೊತ್ತಿಗೆ ಆಚೆ ದಡ ಸಿಕ್ಕಿತು.

ಮಾರ್ಚ್‌ನಲ್ಲಿ ಶಿಕಾರಿಪುರದ ಮೈದಾನದಲ್ಲಿ ಓಟ ನಡೆಯಿತು. ಅಲ್ಲಿ ನಿಜವಾದ ಗೋಡೆ ಇತ್ತು. ಎಲ್ಲ ಊರುಗಳಲ್ಲೂ ಮಹಾಂತೇಶ್ ಸರ್ ಅವರೇ ತರಬೇತಿ ಕೊಟ್ಟಿದ್ದರಿಂದ ಸ್ಪರ್ಧಿಗಳು ಗೋಡೆಯ ಮುಂದೆ ಸಾಲಾಗಿ ನಿಂತುಬಿಟ್ಟರು. ಒಬ್ಬಳು ಕೈ ಎತ್ತಿ, "ಸರ್, ಇದು ಎದ್ದು ನಿಂತಿದೆ" ಎಂದು ದೂರಿದಳು. ಹಾಲಿನ ಕ್ಯಾನಿಲ್ಲದೆ ಗೋಡೆ ಹತ್ತುವುದು ನನಗೆ ಕೈ ಬೀಸಿಕೊಂಡು ಸಂತೆಗೆ ಹೋದ ಹಾಗಾಯಿತು.

ಮುಂದಿನದು ಮರಳಿನ ಮೂಟೆ. ಮೂಟೆಗೆಂದು ತರಿಸಿದ್ದ ಮರಳು ಯಾರದೋ ಮನೆಯ ತಾರಸಿಯ ಮೇಲೆ ಹೋಗಿ ಕೂತಿತ್ತು. ಕೂಡಲೇ ಮೈಕಿನಲ್ಲಿ ತಿದ್ದುಪಡಿ ಬಂತು: "ಮರಳಿನ ಮೂಟೆ ಎಂದರೆ ಹದಿನೆಂಟು ಕೆಜಿಗೆ ಕಡಿಮೆಯಿಲ್ಲದ, ಹೊರಲು ಯೋಗ್ಯವಾದ ಯಾವುದೇ ವಸ್ತು." ನಾನು ಮೆಕ್ಕೆಜೋಳದ ಚೀಲ ಹೊತ್ತೆ. ಇನ್ನೊಬ್ಬಳು ಮೈಕಿನವನ ಪೆಟ್ಟಿಗೆಯನ್ನೇ ಹೊತ್ತು ಓಡಿದ್ದರಿಂದ ಮುಂದಿನ ಪ್ರಕಟಣೆಗಳು ಸ್ವಲ್ಪ ಹೊತ್ತು ಮೈದಾನದ ತುಂಬಾ ಓಡಾಡಿದವು.

ಕೊನೆಯದು ಸಮತೋಲನದ ಅಡೆತಡೆ. ಕೆಳಗೆ ನೀರಿನ ಗುಂಡಿ, ಅದರ ಮೇಲೆ ಅಗಲವಾದ ಹೊಸ ಹಲಗೆ, ಎರಡೂ ಕಡೆ ಕೈಗೆ ಹಿಡಿಯಲು ಹಗ್ಗ. ನಾನು ಅದರ ನಡುವೆ ನಿಂತುಬಿಟ್ಟೆ. ಇಂಥ ಅಡೆತಡೆಯೊಂದು ನಮ್ಮೂರಿನಲ್ಲಿದ್ದಿದ್ದರೆ ನಾನು ಇಲ್ಲಿಗೆ ಬರುತ್ತಲೇ ಇರಲಿಲ್ಲ.

"ಯಾಕ್ರೀ ನಿಂತ್ರಿ? ಹೆದರಿಕೆ ಆಯ್ತೇನ್ರೀ?" ಎಂದು ಮಹಾಂತೇಶ್ ಸರ್ ಕೂಗಿದರು.

"ಸರ್, ಓಟ ಮುಗಿದ ಮೇಲೆ ಇದನ್ನ ನಾನು ತಗೊಂಡು ಹೋಗಬಹುದಾ?"

"ಬಾಡಿಗೆದು ರೀ ಅದು! ಓಡ್ರಿ!"

ಓಡಿದೆ. ಗೆದ್ದೆ.

ಮೇ ತಿಂಗಳಲ್ಲಿ ಸಮಿತಿಯ ಅಧ್ಯಕ್ಷರಾದ ಮಹೇಶ್ವರಪ್ಪನವರು ಬಾಕಿ ಕಾಮಗಾರಿಯನ್ನು ಪರಿಗಣಿಸಲು ಖುದ್ದಾಗಿ ತುಂಬೆಗೋಡಿಗೆ ಬಂದರು. ಹಳ್ಳದ ದಡದಲ್ಲಿ ಶಾಮಿಯಾನ ಹಾಕಿತ್ತು. ಅವರು ತೊಲೆಯನ್ನೂ ನನ್ನನ್ನೂ ನೋಡಿದರು.

"ಎಲ್ಲಿ ಪ್ರಾಕ್ಟೀಸ್ ಮಾಡಿದ್ರಿ ತಾಯಿ?"

"ಇಲ್ಲೇ ಸರ್. ಇದೇ ತೊಲೆ ಮೇಲೆ." ಇಂಥ ಕಡೆ ನಿಜ ಹೇಳಬಾರದು ಎಂದು ನಮಗೆ ಶಾಲೆಯಲ್ಲಿ ಹೇಳಿಕೊಟ್ಟಿರಲಿಲ್ಲ.

"ಹಲಗೆ ಇದ್ದಿದ್ರೆ?"

"ಹಲಗೆ ಇದ್ದಿದ್ರೆ ನಾನ್ಯಾಕೆ ಸರ್ ಓಟಕ್ಕೆ ಬರ್ತಿದ್ದೆ?"

ಮಹೇಶ್ವರಪ್ಪನವರು ಉಚ್ಚಂಗಪ್ಪನವರ ಕಡೆ ತಿರುಗಿದರು. "ಕೇಳಿದ್ರಾ? ಹಲಗೆ ಹಾಕಿದ್ರೆ ಕ್ರೀಡೆ ನಿಂತು ಹೋಗ್ತದೆ ಅಂತ ಗೆದ್ದವರೇ ಹೇಳ್ತಿದಾರೆ. ಇಂಥ ತರಬೇತಿ ಕೇಂದ್ರ ನಮ್ಮ ಶಿಕಾರಿಪುರದಲ್ಲೂ ಇಲ್ಲ!"

ಉಚ್ಚಂಗಪ್ಪನವರು ಮೊದಲು ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ ತಟ್ಟಿದರು. ಹಾರ ನನ್ನ ಕೊರಳಲ್ಲಿದ್ದುದರಿಂದ ನಾನೂ ತಟ್ಟಬೇಕಾಯಿತು.

ವಾರದೊಳಗೆ ಆದೇಶ ಬಂತು. ಹೊಸ ಹಲಗೆಗೆ ಅನುದಾನವಿರಲಿಲ್ಲ. ಹಲಗೆ ಇಲ್ಲದಿರುವುದನ್ನು ಕಾಪಾಡಲು ಇತ್ತು. ಉದ್ಘಾಟನೆಯ ಕಲ್ಲಿನ ಪಕ್ಕ ಇನ್ನೊಂದು ಕಲ್ಲು ನೆಟ್ಟು, ಕೆಂಪಪ್ಪ ಎಂಬ ಕಾವಲುಗಾರನಿಗೆ ಒಂದು ಸೀಟಿ ಕೊಟ್ಟು ಕೂರಿಸಿದರು. ಹೊಸ ಕಲ್ಲಿನ ಫಲಕದಲ್ಲಿ ಹೀಗೆ ಬರೆಯಲಾಯಿತು:

"ಹಳ್ಳ ದಾಟುವ ಪ್ರತಿಯೊಬ್ಬರೂ ಸ್ಪರ್ಧಿಗಳೆಂದು ಭಾವಿಸತಕ್ಕದ್ದು. ಎದೆಗೆ ಸಂಖ್ಯೆ ಧರಿಸತಕ್ಕದ್ದು. ಒಬ್ಬ ಸ್ಪರ್ಧಿ ಇನ್ನೊಬ್ಬ ಸ್ಪರ್ಧಿಗೆ ಕೈ ನೀಡಿದಲ್ಲಿ ಇಬ್ಬರೂ ಅನರ್ಹರಾಗಿ, ಹೊರಟ ದಡಕ್ಕೆ ಹಿಂತಿರುಗತಕ್ಕದ್ದು. ಮೂಟೆ ಹೊರಲು ಅಡ್ಡಿಯಿಲ್ಲ."

ನನ್ನ ಗಂಡ ಎರಡು ಬಿದಿರು ತಂದು ತೊಲೆಯ ಪಕ್ಕ ಕಟ್ಟಿದರು. ಕ್ರೀಡಾ ಸೌಲಭ್ಯಕ್ಕೆ ಹಾನಿ ಎಂದು ಕೆಂಪಪ್ಪ ಅದನ್ನು ಬಿಚ್ಚಿಸಿದ. ಅತ್ತೆ ಬೈಯುತ್ತಲೇ ಸೀರೆಯ ಮೇಲೆ ಸಂಖ್ಯೆ ಸಿಕ್ಕಿಸಿಕೊಂಡು ರೇಷನ್ನಿಗೆ ಹೋಗಿಬಂದರು. ಆಮೇಲೆ ಸಂಖ್ಯೆ ಇಲ್ಲದ ನೆಂಟರನ್ನು ಅವರೇ ವಾಪಸ್ ಕಳಿಸತೊಡಗಿದರು. ಪಕ್ಕದೂರಿನವರು, ತಮ್ಮ ಸಿಮೆಂಟು ಸೇತುವೆ ಚೆನ್ನಾಗಿರುವುದರಿಂದ ತಮಗೆ ಅನ್ಯಾಯವಾಗಿದೆ, ಅದನ್ನು ಮುರಿಸಿಕೊಡಬೇಕು ಎಂದು ಮನವಿ ಕೊಟ್ಟರು. ಮನವಿ ಪರಿಶೀಲನೆಯಲ್ಲಿದೆ.

ಜೂನ್ ಬಂತು, ಮಳೆ ಬಂತು. ಹಳ್ಳ ಕೆಂಪಾಗಿ ತೊಲೆಯ ಹತ್ತಿರಕ್ಕೆ ಏರಿತು. ನಾನು ನಯನಳ ಕೈ ಹಿಡಿದು ತೊಲೆಯ ಮೇಲೆ ಕಾಲಿಟ್ಟೆ. ಕೆಂಪಪ್ಪ ಸೀಟಿ ಊದಿದ.

"ರಮ್ಯಕ್ಕ, ಕೈ ಬಿಡಿ. ಇಬ್ಬರೂ ಅನರ್ಹ ಆಗ್ತೀರಿ."

"ನಿನ್ನ ಮಗಳಾಗಿದ್ರೆ ಬಿಡ್ತಿದ್ಯಾ ಕೆಂಪಪ್ಪ?"

"ನಮ್ಮನೆ ಹಳ್ಳದ ಆಚೆ ಐತಲ್ಲಕ್ಕ" ಎಂದ ಕೆಂಪಪ್ಪ. ಅದೂ ನಿಜವೇ.

ನಾನು ಫಲಕವನ್ನು ಇನ್ನೊಮ್ಮೆ ಓದಿದೆ. "ಮೂಟೆ ಅಂದ್ರೆ ಹೊರಲು ಯೋಗ್ಯವಾದ ಯಾವುದೇ ವಸ್ತು ಅಲ್ವಾ? ಶಿಕಾರಿಪುರದಲ್ಲಿ ಮೈಕಲ್ಲಿ ಹೇಳಿದಾರೆ."

ಕೆಂಪಪ್ಪ ಯೋಚಿಸಿದ. ಮಹಾಂತೇಶ್ ಸರ್‌ಗೆ ಫೋನ್ ಮಾಡಿದ. ಹೌದು ಎಂದು ಉತ್ತರ ಬಂದ ಮೇಲೆ ನಮ್ಮ ಮನೆಯಿಂದ ತೂಕದ ಕೊಕ್ಕೆ ತರಿಸಿ, ನಯನಳನ್ನು ಬ್ಯಾಗಿನ ಸಮೇತ ನೇತುಹಾಕಿ ತೂಗಿದ.

"ಹದಿನೆಂಟಕ್ಕೆ ಅರ್ಧ ಕೆಜಿ ಕಮ್ಮಿ ಐತಕ್ಕ."

ಅತ್ತೆ ಮನೆಗೆ ಓಡಿಹೋಗಿ ಒಂದು ತೆಂಗಿನಕಾಯಿ ತಂದು ಬ್ಯಾಗಿಗೆ ಹಾಕಿದರು. ತೂಕ ಸರಿಹೋಯಿತು. ನಾನು ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಎರಡೂ ಕೈಯಲ್ಲಿ ತಂತಿ ಹಿಡಿದೆ. ಹಿಂದೆ ನೀಲಾಂಬಿಕಕ್ಕ ಮೊಮ್ಮಗನನ್ನು ಬೆನ್ನಿಗೆ ಕಟ್ಟಿಕೊಳ್ಳುತ್ತಿದ್ದರು. ಅವರ ಹಿಂದೆ ಇನ್ನೂ ಮೂವರು ತಾಯಂದಿರು ತೂಕಕ್ಕೆ ಕಾಯುತ್ತಿದ್ದರು.

ನಟ್ಟನಡುವೆ ನಯನ ನನ್ನ ಕಿವಿಯಲ್ಲಿ, "ಅಮ್ಮಾ, ನೀರು..." ಎಂದಳು.

"ಮೂಟೆ ಮಾತಾಡಂಗಿಲ್ಲ!" ಎಂದು ಕೆಂಪಪ್ಪ ದಡದಿಂದ ಕೂಗಿದ.

ಅವಳು ಸುಮ್ಮನಾದಳು. ಶಾಲೆಯ ಬಾಗಿಲಲ್ಲಿ ಇಳಿಸಿದ ಮೇಲೂ ಮಾತಾಡಲಿಲ್ಲ. ಟೀಚರ್ ಹಾಜರಿ ಕೂಗಿದಾಗಲೂ ಬಾಯಿ ಬಿಡಲಿಲ್ಲ. "ಯಾಕೆ ನಯನ, ಹಾಜರ್ ಅನ್ನಲ್ವಾ?" ಎಂದು ಅವರು ಎರಡನೇ ಸಲ ಕೇಳಿದ ಮೇಲೆ ಎದ್ದು ನಿಂತಳು.

"ಮಿಸ್, ನಾನೀಗ ಮಗುವಾ, ಮೂಟೆಯಾ?"

ಟೀಚರ್ ಗೋಡೆಗೆ ಅಂಟಿಸಿದ್ದ ಆದೇಶದ ಪ್ರತಿಯನ್ನು ನಿಧಾನವಾಗಿ ಪೂರ್ತಿ ಓದಿದರು.

"ಗಂಟೆ ಹೊಡೆಯೋ ತನಕ ಮಗು. ಕೂತ್ಕೋ" ಎಂದರು.

ನಯನ ಕೂತಳು. ನಾನು ಬಾಗಿಲಿನಿಂದಲೇ, ಸಂಜೆ ಬರುವಾಗ ತೆಂಗಿನಕಾಯಿ ಮರೆಯಬೇಡ ಎಂದು ನೆನಪಿಸಿ ಹೊರಟೆ.