ಸೈಲಸ್ ಕರ್ಶಾ ಆಡಿದ ಫೈನಲ್ಲು

ಕೋಟನ್ನು ಸಾಲ ಕೇಳುವವರಿದ್ದಾರೆ, ಕೊಡೆಯನ್ನು ಕೇಳದೆಯೇ ಒಯ್ಯುವವರೂ ಇದ್ದಾರೆ. ಆದರೆ ಒಬ್ಬ ಮನುಷ್ಯನ ಹೆಸರನ್ನೇ ಒಂದು ಮಧ್ಯಾಹ್ನದ ಮಟ್ಟಿಗೆ ಕೊಟ್ಟಿರು ಅಂತ ಬಾಗಿಲಿಗೆ ಬಂದು ಕೇಳುವ ಭಂಡರು ಅಮೆರಿಕದ ನಮ್ಮ ಫಾಲ್ ರಿವರಿನಲ್ಲಿ ಮಾತ್ರ ಸಿಕ್ಕಾರು.

ಕೇಳಿದವನು ಓಗ್ಡನ್. ನಮ್ಮ ಕೇರಿ ಕಾಟನ್ ಹಿಲ್ಲಿನ ವಾಂಡರರ್ಸ್ ಫುಟ್‌ಬಾಲ್ ಕ್ಲಬ್ಬಿನ ಕ್ಯಾಪ್ಟನ್ನೂ ಅವನೇ, ನಮ್ಮ ಬೀದಿಯ ಸಾರಾಯಿ ಅಂಗಡಿಯ ಯಜಮಾನನೂ ಅವನೇ. ಕೇಳಿಸಿಕೊಂಡವನು ಸೈಲಸ್ ಕರ್ಶಾ, ಗಿರಣಿಯ ನೇಕಾರ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಬೆಳಗ್ಗೆ, ಪಾಟಕೆಟ್ ಊರಿನವರ ಮೇಲೆ ಕಪ್ ಫೈನಲ್ ಆಡುವ ದಿನ, ಸೈಲಸ್ ಅಡಿಗೆಮನೆಯಲ್ಲಿ ಕೂತು ಬೂಟಿಗೆ ಕೊಬ್ಬು ತಿಕ್ಕುತ್ತಿದ್ದ.

ಏಳು ವರ್ಷದಿಂದ ಅವನು ಕ್ಲಬ್ಬಿನ ಹನ್ನೆರಡನೆಯ ಆಟಗಾರ. ಮೈದಾನಕ್ಕೆ ಗೆರೆ ಹಾಕುವುದು, ಹರಿದ ಚೆಂಡು ಹೊಲಿಯುವುದು, ಬಿದ್ದವರ ಮುಖಕ್ಕೆ ನೀರು ಚಿಮುಕಿಸುವುದು ಎಲ್ಲ ಅವನದೇ. ಆಡುವುದೊಂದು ಬಿಟ್ಟು. ಹೋದ ವಾರ ಒಬ್ಬ ಕಾಲು ಮುರಿದುಕೊಂಡ ಮೇಲೆ ಕೊನೆಗೂ ಸೈಲಸನ ಪಾಳಿ ಬಂದಿತ್ತು. ಸಾಯುವುದರೊಳಗೆ ವಾಂಡರರ್ಸ್ ಪರವಾಗಿ ಒಂದೇ ಒಂದು ಪಂದ್ಯ ಆಡಬೇಕು ಅನ್ನುವುದಕ್ಕಿಂತ ದೊಡ್ಡ ಆಸೆ ಆ ಬಡಪಾಯಿಗೆ ಇರಲಿಲ್ಲ.

"ಇವನು ಮಕ್ಫೀ ಅಂತ. ಕರ್ನಿ ಊರಿಂದ ಕರೆಸಿದ್ದೀನಿ," ಅಂದ ಓಗ್ಡನ್. ಅವನ ಹಿಂದೆ ಬಾಗಿಲು ತುಂಬ ಒಬ್ಬ ಸ್ಕಾಟ್ಲೆಂಡಿನ ದಾಂಡಿಗ ನಿಂತಿದ್ದ. "ಆಡೋರ ಹೆಸರೆಲ್ಲ ಆಗಲೇ ಫುಟ್‌ಬಾಲ್ ಸಂಘಕ್ಕೆ ಹೋಗಿಬಿಟ್ಟಿದೆ. ಹೊರಗಿನೋನು ಆಡೋ ಹಾಗಿಲ್ಲ. ಇವನು ಸೈಲಸ್ ಕರ್ಶಾ ಅಂತ ಆಡ್ತಾನೆ."

"ನಾನೇ ಇದ್ದೀನಲ್ಲ, ಸೈಲಸ್ ಕರ್ಶಾ."

"ನೀನಿರೋದೇ ತೊಂದರೆ ಕಣೋ. ಮೈದಾನದಲ್ಲಿ ಯಾರಾದ್ರೂ ಬಾಯ್ತಪ್ಪಿ ನಿನ್ನನ್ನ ಹೆಸರು ಹಿಡಿದು ಕರೆದ್ರೆ ಕಪ್ ಕೈಬಿಟ್ಟು ಹೋಗುತ್ತೆ. ಸಾಯಂಕಾಲದ ತನಕ ಮನೆ ಬಿಟ್ಟು ಈಚೆ ಬರಬೇಡ."

"ಏಳು ವರ್ಷ ಕಾದಿದ್ದೀನಿ, ಓಗ್ಡನ್."

"ಅದಕ್ಕೇ ನಿನ್ನನ್ನ ಕೇಳ್ತಿರೋದು. ಕಾದು ಅಭ್ಯಾಸ ಇರೋನು ನೀನೊಬ್ಬನೇ."

ಇದು ನ್ಯಾಯವೇ ಅಂತ ಸೈಲಸ್ ಹೆಂಡತಿಯ ಕಡೆ ನೋಡಿದ. ಸೆಲೀನಾ ಗಂಡನಿಗೆಂದು ಒಗೆದು ಇಸ್ತ್ರಿ ಮಾಡಿಟ್ಟಿದ್ದ ಅಂಗಿಯನ್ನು ಮಕ್ಫೀ ಕೈಗೆ ಕೊಟ್ಟು, "ಹೊಲಿಗೆ ಬಿಚ್ಚಿಸಬೇಡಪ್ಪ, ಎದೆ ಸ್ವಲ್ಪ ಬಿಗಿಯಾದೀತು," ಅಂದಳು. ಅವಳಾದರೂ ಏನು ಮಾಡಿಯಾಳು, ಹುಟ್ಟಿದ್ದು ಕಾಟನ್ ಹಿಲ್ಲಿನಲ್ಲಿ. ಇಂಥ ಬಾಡಿಗೆ ಆಟಗಾರ ಬಂದರೆ, ಕೊಟ್ಟ ಹೆಸರಿನಿಂದಲೇ ಅವನನ್ನು ಕೂಗುವುದು, ಪಾದ್ರಿಯಿಂದ ಹಿಡಿದು ಹಾಲಿನವನ ತನಕ ಇಡೀ ಊರು ಪಾಲಿಸುವ ಪದ್ಧತಿ. ಪಾಟಕೆಟ್‌ನವರೇನು ಸಾಚಾಗಳಲ್ಲ, ಅವರದೂ ಇದೇ ಕಥೆ.

ಊರೆಲ್ಲ ಮೈದಾನಕ್ಕೆ ಹೋಯಿತು. ಸೈಲಸ್ ಒಂದು ಹಂದಿಮಾಂಸದ ಕಡುಬಿನ ಮುಂದೆ ಒಬ್ಬನೇ ಕೂತ. ಅಷ್ಟರಲ್ಲಿ ಗಾಳಿಯಲ್ಲಿ ಕೂಗು ತೇಲಿಬಂತು: "ಶಹಬ್ಬಾಸ್ ಸೈಲಸ್. ಬಿಡಬೇಡ ಸೈಲಸ್." ಅವನ ಮೈಯೆಲ್ಲ ಉರಿದುಹೋಯಿತು. ಕೊಬ್ಬು ತಿಕ್ಕಿದ ಬೂಟನ್ನು ಮೆಟ್ಟಿಕೊಂಡು ಬೀದಿಗೆ ಇಳಿದ.

ಪಕ್ಕದ ಮನೆ ಮೆಟ್ಟಿಲ ಮೇಲೆ ಗ್ರಿಮ್‌ಶಾ ಅಜ್ಜಿ ನೋವಿನ ಕಾಲು ಚಾಚಿ ಕೂತಿದ್ದಳು. "ಎಲ್ಲಿಗೋ ಹೊರಟೆ? ನೀನು ಅಲ್ಲಿ ಆಡ್ತಾ ಇದ್ದೀಯಲ್ಲ."

"ಆಡ್ತಿರೋದು ನಾನಲ್ಲ, ಅಜ್ಜಿ."

"ಅಷ್ಟೂ ಗೊತ್ತಿಲ್ವೇನೋ ನಂಗೆ? ಊರಿಗೆ ಕಪ್ ಬರೋ ದಿನ ನಿಂದೊಂದು ಅಪಶಕುನ. ನಡಿ ಒಳಗೆ."

ಸೈಲಸ್ ನಿಲ್ಲಲಿಲ್ಲ. ಮೈದಾನದ ಗೇಟಿನಲ್ಲಿ ಟಿಕೆಟ್ ಹರಿಯುವವನು ಅಡ್ಡ ಬಂದ. ಇಬ್ಬರೂ ಒಂದೇ ಮಗ್ಗದ ಸಾಲಿನಲ್ಲಿ ಕೆಲಸ ಮಾಡುವವರು.

"ಟಿಕೆಟ್ಟು?"

"ನಾನು ಕ್ಲಬ್ಬಿನ ಸದಸ್ಯ ಕಣಯ್ಯ. ಸೈಲಸ್ ಕರ್ಶಾ."

"ಸೈಲಸ್ ಕರ್ಶಾ ಆಗಲೇ ಒಳಗಿದ್ದಾನೆ, ಚೆನ್ನಾಗಿ ಆಡ್ತಿದ್ದಾನೆ. ನೀವು ಯಾರು ಸ್ವಾಮಿ?" ಅಂದ ಆ ನೀಚ, ಕಣ್ಣು ಮಿಟುಕಿಸದೆ. ತನ್ನ ಆಟ ನೋಡುವುದಕ್ಕೆ ತಾನೇ ದುಡ್ಡು ತೆತ್ತು ಒಳಗೆ ಹೋದವನು ಪ್ರಪಂಚದಲ್ಲಿ ಸೈಲಸ್ ಒಬ್ಬನೇ ಇರಬೇಕು.

ಆಟ ಒಂದೊಂದು ಗೋಲಿನಿಂದ ಸಮ ಆಗಿತ್ತು. ವಾಂಡರರ್ಸ್ ಹತ್ತೇ ಜನ ಆಡುತ್ತಿದ್ದರು. ಹನ್ನೊಂದನೆಯವನು, ನೆಡ್ ಟ್ಯಾಟರ್ಸಲ್, ಬಂದೇ ಇರಲಿಲ್ಲ. ಅವನು ಹಬ್ಬದ ಹಿಂದಿನ ದಿನ ಕುಡಿಯಲು ಕೂತರೆ ಹಬ್ಬ ಮುಗಿದ ಮೇಲೇ ಏಳುವ ಆಸಾಮಿ. ಮಕ್ಫೀ ಮಾತ್ರ ಪಾಟಕೆಟ್‌ನವರನ್ನು ಬಲಕ್ಕೊಬ್ಬ ಎಡಕ್ಕೊಬ್ಬ ಬೀಳಿಸುತ್ತ ನುಗ್ಗುತ್ತಿದ್ದ.

ಪಕ್ಕದಲ್ಲಿ ನಿಂತಿದ್ದ ಪಾಟಕೆಟ್‌ನವನೊಬ್ಬ ಕ್ಯಾಕರಿಸಿ ಉಗಿದ. "ಆ ಕರ್ಶಾ ಅನ್ನೋನು ಕಟುಕ ಕಣ್ರೀ. ಅವನ ಹೊಟ್ಟೇಲಿ ಹುಳ ಬೀಳ."

"ಹಾಗೆಲ್ಲ ಅನ್ಬೇಡಿ. ತುಂಬಾ ಸಾಧು ಮನುಷ್ಯ ಅವನು," ಅಂದ ಸೈಲಸ್.

"ನಿಮಗೆ ಗೊತ್ತೋ?"

"ಸ್ವಲ್ಪ ಪರಿಚಯ."

ಆಗ ಓಗ್ಡನ್ ಕಣ್ಣಿಗೆ ಇವನು ಬಿದ್ದ. ಬಯ್ಯುತ್ತಾನೆ ಅಂದುಕೊಂಡರೆ, ಓಗ್ಡನ್ ಎರಡೂ ಕೈ ಚಾಚಿ ಓಡಿಬಂದ. "ನೆಡ್, ಎಲ್ಲಿ ಹಾಳಾಗಿ ಹೋಗಿದ್ಯೋ? ಬಾ ಬೇಗ." ಕಿವಿಯ ಹತ್ತಿರ ಬಗ್ಗಿ, "ತಡವಾಗಿ ಬಂದೋರು ಸೇರಿಕೊಳ್ಳಬಹುದು. ನೀನು ಟ್ಯಾಟರ್ಸಲ್. ಬಾಯಿ ಬಿಟ್ಟೀಯ ಮತ್ತೆ," ಅಂದ.

ಯಾರ ಹೆಸರಾದರೇನು, ಆಡುವ ಕಾಲು ತನ್ನದು ತಾನೇ. ಸೈಲಸ್ ಕೋಟು ಕಿತ್ತೆಸೆದು ನೆಡ್‌ನ ಅಂಗಿ ತೊಟ್ಟು ಒಳಗೆ ಹಾರಿದ. ಏಳು ವರ್ಷ ತಾನೇ ಗೆರೆ ಎಳೆದ ಹುಲ್ಲಿನ ಮೇಲೆ ಮೊದಲ ಸಲ ಓಡಿದಾಗ ಅವನಿಗೆ ಅಳುವೇ ಬಂದುಬಿಟ್ಟಿತು. ಇನ್ನೇನು ಆಟ ಮುಗಿಯಬೇಕು, ಮಕ್ಫೀ ಒದ್ದ ಚೆಂಡು ಕಂಬಕ್ಕೆ ಬಡಿದು ವಾಪಸು ಬಂತು. ಎದುರಿಗೆ ಸೈಲಸ್. ಕಾಲೆತ್ತಲು ಹೊತ್ತಿರಲಿಲ್ಲ, ಮೊಣಕಾಲು ಕೊಟ್ಟ. ಚೆಂಡು ಕಂಬಗಳ ನಡುವೆ ಉರುಳಿಕೊಂಡು ಹೋಯಿತು. ಗೋಲ್.

ಇಡೀ ಕಾಟನ್ ಹಿಲ್ "ನೆಡ್, ನೆಡ್" ಅಂತ ಟೋಪಿ ತೂರಿತು. ಎಲ್ಲರಿಗಿಂತ ಜೋರಾಗಿ ಕೂಗಿದವಳು ಸೆಲೀನಾ. ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಬಾಯಲ್ಲಿ ಮಾತ್ರ ನೆಡ್.

ಅಲ್ಲಿಗೇ ಮುಗಿಯಬಾರದಿತ್ತೇ? ಕೊನೆಯ ಗಳಿಗೆಯಲ್ಲಿ ರೆಫರಿ ಏನೋ ತಪ್ಪು ಹಿಡಿದ. ಮಕ್ಫೀ ಅವನ ಮೂಗಿಗೆ ಒಂದು ಗುದ್ದು ಬಿಟ್ಟು, ಬೇಲಿ ಹಾರಿ, ಸ್ಟೇಷನ್ನಿನ ಕಡೆ ಓಟ ಕಿತ್ತ. ಆಮೇಲೆ ಆ ಪುಣ್ಯಾತ್ಮನನ್ನು ಫಾಲ್ ರಿವರಿನಲ್ಲಿ ಕಂಡವರಿಲ್ಲ.

ಕಪ್ಪೇನೋ ಬಂತು. ಅದನ್ನು ಕೊಡುವ ಮೊದಲು ಸಂಘದ ಕಾರ್ಯದರ್ಶಿ ಕುರ್ಚಿ ಹತ್ತಿ ಘೋಷಿಸಿದ: "ರೆಫರಿಯ ಮೇಲೆ ಕೈ ಮಾಡಿದ ಸೈಲಸ್ ಕರ್ಶಾ ಬದುಕಿರುವ ತನಕ ಯಾವ ಕ್ಲಬ್ಬಿಗೂ ಆಡುವಂತಿಲ್ಲ, ಯಾವ ಮೈದಾನಕ್ಕೂ ಕಾಲಿಡುವಂತಿಲ್ಲ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂದರೆ ಇದೇ ಅಲ್ಲವೇ? ಸೈಲಸ್ ಕೆಸರು ಮೆತ್ತಿದ ಮೈಯಲ್ಲೇ ಮುಂದೆ ಬಂದ. "ಸ್ವಾಮಿ, ನಾನೇ ಸೈಲಸ್ ಕರ್ಶಾ. ನಾನು ಯಾರನ್ನೂ ಹೊಡೀಲಿಲ್ಲ."

"ನೀನು ಟ್ಯಾಟರ್ಸಲ್ ಅಲ್ವೇನಯ್ಯಾ? ಗೋಲ್ ಹೊಡೆದದ್ದು ನೀನೇ ಅಲ್ವಾ?"

"ಗೋಲ್ ಹೊಡೆದದ್ದು ನಾನೇ. ಆದ್ರೆ ನಾನು ಟ್ಯಾಟರ್ಸಲ್ ಅಲ್ಲ. ಬೇಕಾದ್ರೆ ನನ್ನ ಹೆಂಡ್ತೀನ ಕೇಳಿ."

ಪಾಟಕೆಟ್‌ನವರು ಕಿವಿ ನಿಮಿರಿಸಿದರು. ಓಗ್ಡನ್ ಕಪ್ಪನ್ನೇ ದಿಟ್ಟಿಸುತ್ತಿದ್ದ. ಸೆಲೀನಾ ಗಂಡನನ್ನು ನೋಡಿದಳು, ಕಪ್ಪನ್ನು ನೋಡಿದಳು, ಸುತ್ತ ನಿಂತ ತನ್ನೂರನ್ನು ನೋಡಿದಳು.

"ಇವ್ರು ನೆಡ್ ಟ್ಯಾಟರ್ಸಲ್ ಸ್ವಾಮಿ, ಪಾಪ, ಒಳ್ಳೇ ಜನ," ಅಂದಳು. "ಹೊಡೆದು ಓಡಿಹೋದೋನೇ ನನ್ನ ಗಂಡ. ಏನ್ ಮಾಡ್ಲಿ, ಅವರ ಕೋಪಾನೇ ಹಾಗೆ."

ಕಾರ್ಯದರ್ಶಿ ಅವಳಿಗೆ ಸಮಾಧಾನ ಹೇಳಿ, ಸೈಲಸನ ಕೈ ಕುಲುಕಿ, "ನೀನು ತುಂಬಾ ವಿನಯವಂತ, ಟ್ಯಾಟರ್ಸಲ್," ಅಂದ.

ಸಾಯಂಕಾಲ ಓಗ್ಡನ್ ಅಂಗಡಿಯಲ್ಲಿ ಊರಿಗೆ ಊರೇ ಸೇರಿತು. ಪೀಪಾಯಿಗಳ ಹಿಂದೆ ಮಲಗಿದ್ದ ನೆಡ್‌ನನ್ನು ಎಬ್ಬಿಸಿ ಎದೆಗೆ ಪದಕ ಚುಚ್ಚಿದ್ದಾಯಿತು, ಯಾಕೆಂದರೆ ಅದರ ಮೇಲೆ ಅವನದೇ ಹೆಸರು ಕೊರೆದಿತ್ತು. ಸಿಕ್ಕಸಿಕ್ಕವರೆಲ್ಲ ಅವನಿಗೆ ಕುಡಿಸಿದರು. ಮೊದಮೊದಲು ಅವನು ಕಕ್ಕಾಬಿಕ್ಕಿಯಾಗಿ ನೋಡಿದ. ಮೂರನೆಯ ಗ್ಲಾಸಿನ ಹೊತ್ತಿಗೆ ಆ ಗೋಲನ್ನು ಹೇಗೆ ಹೊಡೆದೆ ಅಂತ ಮೇಜಿನ ಮೇಲೆ ಹತ್ತಿ ತೋರಿಸುತ್ತಿದ್ದ.

ಸೈಲಸ್ ಮೂಲೆಯಲ್ಲಿ ಕೂತು ಎಲ್ಲವನ್ನೂ ನುಂಗಿಕೊಂಡ. ನೆಡ್ ತೂರಾಡುತ್ತ ಬಂದು ಅವನ ಹೆಗಲ ಮೇಲೆ ಕೈ ಹಾಕಿದ.

"ಅಲ್ಲ ಸೈಲಸ್, ನಾನೇನೋ ಕಷ್ಟಪಟ್ಟು ಗೋಲ್ ಹೊಡೆದು ಊರಿನ ಮಾನ ಉಳಿಸಿದೆ. ನೀನು ಹೋಗಿ ಆ ಬಡಪಾಯಿ ರೆಫರಿನ ಹೊಡೆಯೋದಾ? ಚೂರಾದ್ರೂ ನಾಚಿಕೆ ಬೇಡ್ವೇನೋ?"

ಹುಟ್ಟಿದಾಗಿನಿಂದ ಒಂದು ಇರುವೆಗೂ ಏಟು ಹಾಕದ ಸೈಲಸ್ ಕರ್ಶಾ ಎದ್ದು ನಿಂತು ನೆಡ್ ಟ್ಯಾಟರ್ಸಲ್‌ನ ಮೂಗಿಗೆ ಗುದ್ದಿದ. ನೆಡ್ ಮೇಜು, ಗ್ಲಾಸು, ಪದಕ ಸಮೇತ ನೆಲಕ್ಕೆ ಬಿದ್ದ.

ಓಗ್ಡನ್ ಮುಖಕ್ಕೆ ಸಿಡಿದ ಬಿಯರ್ ಒರೆಸಿಕೊಳ್ಳುತ್ತ ನೆರೆದವರ ಕಡೆ ತಿರುಗಿದ.

"ನೋಡಿದ್ರಾ? ಸಂಘದೋರು ಸುಮ್ ಸುಮ್ನೆ ಯಾರನ್ನೂ ಹೊರಗೆ ಹಾಕಲ್ಲ."